ನಾಗಮ್ಮನ ಬಲಗೈ

೧೯೪೧ರಲ್ಲಿ ನಾನು ಚಿತ್ತಾಪುರ ಸೀಮೆಯ ಒಂದು ಸಣ್ಣ ದವಾಖಾನೆಯ ಡಾಕ್ಟರನಾಗಿದ್ದೆ. ಹೈದರಾಬಾದಿನಲ್ಲಿ ಓದು ಮುಗಿಸಿ ಬಂದು ಎರಡು ವರ್ಷವಾಗಿತ್ತು. ಮೂಳೆ ಕೂಡಿಸುವುದರಲ್ಲಿ ನನ್ನ ಕೈ ಪಳಗಿದೆ ಎಂಬ ಹಮ್ಮೂ ಇತ್ತು.

ಒಂದು ಬೆಳಿಗ್ಗೆ ರಾವೂರಿನ ಸೂಲಗಿತ್ತಿ ನಾಗಮ್ಮನನ್ನು ಕರೆತಂದರು. ಸುತ್ತಲಿನ ಹಳ್ಳಿಗಳ ಎಷ್ಟೋ ಮಕ್ಕಳು ಹುಟ್ಟಿದ್ದು ಆಕೆಯ ಕೈಯಲ್ಲೇ. ಹೆರಿಗೆ ಮಾಡಿಸಿ ಮರಳುವಾಗ ಬಂಡಿಯಿಂದ ಬಿದ್ದು ಬಲ ಮುಂದೋಳಿನ ಎರಡೂ ಮೂಳೆಗಳು, ರೇಡಿಯಸ್ ಮತ್ತು ಅಲ್ನಾ, ಮುರಿದಿದ್ದವು. ಎಳೆದು ನೇರ ಮಾಡಿ, ಬೆರಳ ಬುಡದಿಂದ ಮೊಣಕೈ ಮೇಲಿನವರೆಗೆ ಸುತ್ತಲೂ ಪ್ಲಾಸ್ಟರ್ ಹಾಕಿದೆ. ಕೆಲಸ ಅಚ್ಚುಕಟ್ಟಾಗಿತ್ತು, ನಾನೇ ಎರಡು ಸಲ ನೋಡಿ ಮೆಚ್ಚಿಕೊಂಡೆ.

ಮಧ್ಯಾಹ್ನ ಆಕೆ ನರಳತೊಡಗಿದಳು. “ಸಾಹೇಬ್ರ, ಬೆರಳು ಜೋಮು ಹಿಡ್ಯಾಕತ್ತಾವ್ರಿ. ಒಳಗ ಬೆಂಕಿ ಇಟ್ಟಂಗ ಆಗ್ಯದ.”

“ಎಲುಬು ಮುರದದ. ನೋವು ಇರೋದೇ, ತಡಕೋಬೇಕು,” ಎಂದೆ.

ಹಿರಿಯ ಕಾಂಪೌಂಡರ್ ಹುಸೇನಸಾಬರು ಆಕೆಯ ಬೆರಳು ಮುಟ್ಟಿ ನೋಡಿದರು. “ತಣ್ಣಗ ಅವ ಸಾಬ್. ಪ್ಲಾಸ್ಟರ್ ಸೀಳಿ ಸಡಲ ಮಾಡೂನೇನ್ರಿ?”

ಒಳಗೆ ಬಾವು ಏರಿದರೆ ಗಟ್ಟಿ ಪ್ಲಾಸ್ಟರ್ ಹಿಗ್ಗುವುದಿಲ್ಲ. ರಕ್ತದ ಓಟ ನಿಂತು ಸ್ನಾಯುಗಳು ಕೆಲವೇ ತಾಸುಗಳಲ್ಲಿ ಸಾಯುತ್ತವೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಕಾಂಪೌಂಡರ್ ನನಗೆ ಹೇಳಿಕೊಡುವುದೇ? “ಸೀಳಿದ್ರ ಕೂಡಿಸಿದ ಎಲುಬು ಸರೀತದ. ಯಾರೂ ಮುಟ್ಟಬ್ಯಾಡ್ರಿ,” ಎಂದು ಹೇಳಿ, ರೈಲಿನಲ್ಲಿ ಬರಲಿದ್ದ ಮೇಲಧಿಕಾರಿಯನ್ನು ಎದುರುಗೊಳ್ಳಲು ವಾಡಿ ಸ್ಟೇಷನ್ನಿಗೆ ಹೊರಟೆ.

ಮರುದಿನ ಬೆಳಿಗ್ಗೆ ಮರಳಿದಾಗ ಬೆರಳುಗಳು ನೀಲಿಗಟ್ಟಿದ್ದವು. ಕೂಡಲೇ ಪ್ಲಾಸ್ಟರ್ ಸೀಳಿದೆ. ಹುಸೇನಸಾಬರು ಕತ್ತರಿ ಹಿಡಿದು ನೆರವಾದರು.

ಕೈ ಕತ್ತರಿಸುವ ಪ್ರಸಂಗ ಬರಲಿಲ್ಲ. ಮೂಳೆ ಕೂಡ ಚೆನ್ನಾಗಿಯೇ ಕೂಡಿತು. ಆದರೆ ಸತ್ತ ಸ್ನಾಯು ಸೆಟೆದು ಬೆರಳುಗಳು ಒಳಮಡಚಿದವು, ಮತ್ತೆ ಬಿಚ್ಚಲಿಲ್ಲ. ಆ ಕೈಯಿಂದ ನಾಗಮ್ಮ ಮತ್ತೊಂದು ಕೂಸನ್ನು ಹಿಡಿಯಲಿಲ್ಲ.

ಕೆಲವು ತಿಂಗಳ ಮೇಲೆ ಆಕೆ ದವಾಖಾನೆಗೆ ಬಂದಳು.

“ಸಾಹೇಬ್ರ, ನೀವು ತಡಕೋ ಅಂದಿದ್ರಿ. ನಾನೇ ಭಾಳ ಹೊರಳಾಡಿದೆ. ಅದಕ್ಕ ಹಿಂಗಾತೇನ್ರಿ?”

ಅಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ಹುಸೇನಸಾಬರು ಔಷಧ ಅರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು.

“ಇರಬಹುದು,” ಎಂದೆ.

ಅಲ್ಲಿಂದ ಮುಂದೆ, ಸೇವೆಯುದ್ದಕ್ಕೂ, ಪ್ಲಾಸ್ಟರ್ ಹಾಕಿದ ಪ್ರತಿ ರೋಗಿಯ ಬೆರಳನ್ನು ತಾಸಿಗೊಮ್ಮೆ ಮುಟ್ಟಿ ನೋಡಿದ್ದೇನೆ. ನೋವು ಏರುತ್ತಿದೆ ಎಂದವರ ಪ್ಲಾಸ್ಟರನ್ನು ಯಾರಿಗೂ ಕಾಯದೆ ಸೀಳಿದ್ದೇನೆ. ನೋವಿನ ವಿಷಯದಲ್ಲಿ ರೋಗಿಯೇ ಡಾಕ್ಟರಿಗಿಂತ ಬಲ್ಲವನು ಎಂಬುದು ವೃತ್ತಿ ನನಗೆ ಕಲಿಸಿದ ಪಾಠ. ಅದರಿಂದ ಎಷ್ಟೋ ಕೈಗಳು ಉಳಿದಿರಬಹುದು. ನಾಗಮ್ಮ ಮಾತ್ರ ತಪ್ಪು ತನ್ನದೇ ಎಂದು ನಂಬಿಕೊಂಡೇ ತೀರಿಕೊಂಡಳು.