ದೂರದ್ದು ಕೇಳದ ಮೈಕು

ಬೇಸ್ ಗಿಟಾರ್ ನುಡಿಸುವವನ ಪಾಡು ಸಾರಿನೊಳಗಿನ ಉಪ್ಪಿನ ಪಾಡು, ಇದ್ದರೆ ಯಾರೂ ಹೊಗಳುವುದಿಲ್ಲ. ನನ್ನದು ಅದಕ್ಕಿಂತ ಕಡೆ, ಇದ್ದೂ ಕೇಳಿಸುತ್ತಿರಲಿಲ್ಲ. ಗಣಿಯ ದುಡ್ಡು ಹರಿಯುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ಮದುವೆಗಳಿಗೆಲ್ಲ ಆರ್ಕೆಸ್ಟ್ರಾ ಬೇಕಿತ್ತು, ನಮ್ಮ ತಂಡಕ್ಕೆ ಬಿಡುವೇ ಇರಲಿಲ್ಲ. ಸೌಂಡಿನವನು ಹಾಡುವವರಿಗೆ ಕೊಡುವಂಥ ಮೈಕನ್ನೇ ನನ್ನ ಸ್ಪೀಕರಿನ ಮುಂದೆಯೂ ನಿಲ್ಲಿಸುತ್ತಿದ್ದ. ಆ ಮೈಕಿಗೆ ತೀರ ಕೆಳಗಿನ ಸ್ವರ ಸಿಗದು. ಪೆಂಡಾಲಿನ ಜನಕ್ಕೆ ತಂತಿಗೆ ಬೆರಳು ತಾಗುವ ಟಿಕ್ ಟಿಕ್ ಮಾತ್ರ ಹೋಗುತ್ತಿತ್ತು. ನಾನು ಮೈಕನ್ನು ಬೈದರೆ ತಂಡದ ಯಜಮಾನರು, "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ" ಎಂದು ನಗುತ್ತಿದ್ದರು.

ನಗಲಿ ಬಿಡಿ. ನನಗೆ ಕೇಳಿಸಬೇಕಿದ್ದುದು ಒಬ್ಬಳಿಗೆ, ನನ್ನ ಅಕ್ಕನಿಗೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಸಂಡೂರಿನ ಕಡೆ ಅದಿರು ಒಡೆಯುವ ಕ್ರಷರಿನಲ್ಲಿ ದುಡಿದು ದುಡಿದು ಅವಳ ಕಿವಿ ಮಂದವಾಗಿತ್ತು. ಸಣ್ಣ ದನಿಗಳೆಲ್ಲ ಹೋಗಿ ದಪ್ಪ ದನಿಗಳು ಉಳಿದಿದ್ದವು. ನಾನು ಕೂಗಿದರೆ, "ಒದರಬ್ಯಾಡಲೇ, ದಪ್ಪಗ ಮಾತಾಡು" ಎಂದು ಸಿಡುಕುವಳು. ಅಕ್ಕಿ ಆರಿಸುತ್ತ ಸದಾ ಹಾಡುತ್ತಿದ್ದವಳು ಹಾಡುವುದನ್ನೇ ಬಿಟ್ಟಿದ್ದಳು. ಶ್ರುತಿಯೇ ಸಿಗದಿದ್ದರೆ ಏನು ಹಾಡಲಿ ಎನ್ನುತ್ತಿದ್ದಳು. ಆ ಮೌನ ನನಗೆ ಸಹಿಸಲಾಗುತ್ತಿರಲಿಲ್ಲ. ನನ್ನ ತಂತಿಯ ದಪ್ಪ ದನಿ ಅವಳಿಗೆ ಮುಟ್ಟಿದರೆ ಅದನ್ನೇ ಹಿಡಿದು ಮತ್ತೆ ಹಾಡಿಯಾಳು ಎಂಬುದೊಂದೇ ಆಸೆ.

ಕಂಪ್ಲಿಯ ಒಂದು ಮದುವೆಯಲ್ಲಿ ನಮ್ಮ ಡ್ರಮ್ಮಿನವನನ್ನು ಕಾಡಿ ಬೇಡಿದೆ. ದೊಡ್ಡ ಡ್ರಮ್ಮಿಗೆ ಇಡುವ, ತೀರ ಕೆಳಗಿನ ಸ್ವರವನ್ನೂ ಹಿಡಿಯುವ ಅಗಲ ಬಾಯಿಯ ಮೈಕು ಅವನ ಬಳಿ ಇನ್ನೊಂದಿತ್ತು. "ತಗೊಳಲೇ, ಅಳಬ್ಯಾಡ" ಎಂದು ಕೊಟ್ಟ. ಅವನ ಹೊಟ್ಟೆ ತಣ್ಣಗಿರಲಿ. ಸ್ಪೀಕರಿಗೆ ಹತ್ತಿರ, ನಟ್ಟನಡುವೆ ಅಲ್ಲದೆ ತುಸು ಪಕ್ಕಕ್ಕೆ ಇಟ್ಟೆ. ನಾನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ ಅಕ್ಕ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು. ಊಟದ ಹೊತ್ತಿಗೆ ಬಂದು, ಎದೆ ಮುಟ್ಟಿ ತೋರಿಸಿ, "ಇಲ್ಲಿ ಬಂತಲೇ!" ಎಂದಳು. ಆದರೆ ಹಾಡಲಿಲ್ಲ. ಅಷ್ಟು ಗದ್ದಲದಲ್ಲಿ ಯಾರು ಹಾಡಿಯಾರು?

ಆಮೇಲೆ ಯಜಮಾನರು ಹಂಪಿಯ ಅಂಗಡಿಗಳಿಗೆ ಭಕ್ತಿಗೀತೆಗಳ ಸಿ.ಡಿ. ಮಾಡಲು ಹೊರಟರು. ಸ್ಟುಡಿಯೋ ಎಂದರೆ ಅದಿರಿನ ಲಾರಿಗಳು ಓಡುವ ರಸ್ತೆಯ ಪಕ್ಕ, ಮಹಡಿಯ ಮೇಲೆ ಒಂದೇ ಕೋಣೆ, ಗೋಡೆಗೆಲ್ಲ ಹಳೆಯ ಹಾಸಿಗೆ. ಇರುವೆ ನಡೆದರೂ ಕೇಳುವಂಥ ಸೂಕ್ಷ್ಮ ಮೈಕು ಅಲ್ಲಿತ್ತು. ವೇದಿಕೆಯ ಮೈಕು ವೇದಿಕೆಗೆ, ಸ್ಟುಡಿಯೋಕ್ಕೆ ಇಂಥದ್ದೇ ಬೇಕು ಎಂದು ನಾನೂ ನಂಬಿದ್ದೆ. ಅಕ್ಕನನ್ನು ಕರೆದೊಯ್ದು ಮೂಲೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಅವಳು ಅಕ್ಕಿ ಆರಿಸುವಾಗ ಹಾಡುತ್ತಿದ್ದ ಹಾಡನ್ನು ನುಡಿಸಿದೆ. ಅವಳು ತುಸು ಹೊತ್ತು ಕೇಳಿದಳು.

"ಲಾರಿ ಭಾಳ ಚಲೋ ಕೇಳಾಕತ್ತೈತಿ. ನೀ ಎಲ್ಲದಿ?"

ಎಲ್ಲರೂ ನಕ್ಕರು. ನನಗೆ ಅಳುವೇ ಬಂದಿತ್ತು. ಸ್ಟುಡಿಯೋದವರು ದೊಡ್ಡ ಮನಸ್ಸಿನವರು. "ತಗೀರಿ ಇದನ್ನ, ನಿಮ್ದ ಹಚ್ರಿ" ಎಂದರು. ಚೀಲದಲ್ಲಿ ತಂದಿದ್ದ ಅಗಲ ಬಾಯಿಯ ಮೈಕನ್ನು ಸ್ಪೀಕರಿಗೆ ಅಂಟಿಸಿದಂತೆ ಇಟ್ಟು ಮತ್ತೆ ನುಡಿಸಿದೆ. ಅದಕ್ಕೆ ಹತ್ತಿರದ್ದಷ್ಟೇ ಕೇಳುತ್ತದೆ, ರಸ್ತೆಯ ಗೊಡವೆ ಬೇಕಿಲ್ಲ. ಅಕ್ಕ ಕಣ್ಣು ಮುಚ್ಚಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೂಲೆಯಿಂದ ದನಿ ಎದ್ದಿತು. ಒಡಕು ದನಿ, ಆದರೆ ಶ್ರುತಿಯಲ್ಲಿತ್ತು. ನಿಲ್ಲಿಸಿದರೆ ಅವಳೂ ನಿಂತಾಳೆಂಬ ಹೆದರಿಕೆಯಿಂದ ನಾನು ತಲೆ ಎತ್ತದೆ ನುಡಿಸಿದೆ. ಆ ಮೈಕಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಮುಗಿದ ಮೇಲೆ ರೆಕಾರ್ಡಾದದ್ದನ್ನು ಅವಳಿಗೆ ಕೇಳಿಸಿದೆವು. ಅದರಲ್ಲಿ ನನ್ನ ತಂತಿಯಷ್ಟೇ ಇತ್ತು.

"ನಾ ಎಲ್ಲದೀನಿ?" ಎಂದಳು.

"ನೀ ದೂರ ಕುಂತಿದ್ದಿ ಅಕ್ಕಾ," ಎಂದೆ, ದಪ್ಪ ದನಿಯಲ್ಲಿ.

ಅಕ್ಕ ಎದ್ದಳು. ಸ್ಟೂಲನ್ನು ದರದರ ಎಳೆದುಕೊಂಡು ಬಂದು ಮೈಕಿನ ಪಕ್ಕದಲ್ಲೇ ಕೂತು, ಸೆರಗು ಸರಿಮಾಡಿಕೊಂಡಳು.

"ಇನ್ನೊಮ್ಮಿ ಬಾರಿಸು."