ಚೌಡಪ್ಪನವರ ಮನೆಗೆ ಎರಡನೆಯ ಸ್ಪೀಕರ್

1944ರ ಬೇಸಿಗೆ. ನಾನಾಗ ಬೆಂಗಳೂರು ಪೇಟೆಯ ಒಂದು ರೇಡಿಯೋ ಅಂಗಡಿಯಲ್ಲಿ ಮೆಕ್ಯಾನಿಕ್. ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರದಂಥ ಹೊರಗೂರುಗಳ ಕೆಲಸವನ್ನೆಲ್ಲ ಯಜಮಾನರು ನನ್ನ ತಲೆಗೇ ಕಟ್ಟುತ್ತಿದ್ದರು. ಮದುವೆಯಾಗದವನು, ಎಲ್ಲಿ ಬೇಕಾದರೂ ಉಂಡು ಮಲಗುತ್ತಾನೆ ಎಂಬುದು ಅವರ ಅಂದಾಜು. ಯುದ್ಧದ ಕಾಲವಾದ್ದರಿಂದ ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ, ಏರು ಬಂದಲ್ಲೆಲ್ಲ ನಾವೇ ಇಳಿದು ತಳ್ಳುತ್ತಿದ್ದೆವು.

ಅಂಥದೊಂದು ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋದದ್ದು ಚೌಡಪ್ಪನವರ ಮನೆಗೆ. ಐದು ಮಗ್ಗದ ನೇಕಾರರ ಮನೆ. ಬೀದಿಗೆ ತೆರೆದ ಹಜಾರದಲ್ಲಿ ರೇಡಿಯೋ, ಅದರ ಹಿಂದೆ ಮಗ್ಗದ ಮನೆ, ಅದನ್ನು ದಾಟಿದರೆ ಅಂಗಳ, ಅಂಗಳದಾಚೆ ಅಡುಗೆಮನೆ ಮತ್ತು ನೂಲು ಸುತ್ತುವ ಕೋಣೆ. ಹಜಾರದ ರೇಡಿಯೋ ಆ ನೂಲಿನ ಕೋಣೆಯಲ್ಲೂ ಕೇಳಿಸಬೇಕು, ಅದಕ್ಕೆ ಇನ್ನೊಂದು ಸ್ಪೀಕರ್ ಹಾಕಬೇಕು ಎಂಬುದು ಕೆಲಸ. ಸ್ಪೀಕರನ್ನು ಅವರೇ ಬೆಂಗಳೂರಿನ ಗುಜರಿಯಲ್ಲಿ ಕೊಂಡು ತಂದಿದ್ದರು. ವೈರನ್ನೂ ಎಳೆದುಬಿಟ್ಟಿದ್ದೇವೆ, ಸದ್ದು ಮಾತ್ರ ಬರುತ್ತಿಲ್ಲ ಎಂದರು.

ಆ ವೈರನ್ನು ನೋಡಿ ನಾನು ನಗಬೇಕೋ ಬೈಯಬೇಕೋ ತಿಳಿಯದೆ ನಿಂತೆ. ಹಜಾರದಿಂದ ನೂಲಿನ ಕೋಣೆಯವರೆಗೆ ಗೋಡೆಯುದ್ದಕ್ಕೂ ಸೀರೆಯ ಸೆರಗಿಗೆ ಹಾಕುವ ಜರಿಯ ಎಳೆಗಳು ಥಳಥಳಿಸುತ್ತಿದ್ದವು. ಜರಿ ಎಂದರೆ ಬೆಳ್ಳಿಯ ತಂತಿ ತಾನೇ, ತಂತಿಯಲ್ಲಿ ಕರೆಂಟು ಹರಿಯುತ್ತದೆ ತಾನೇ ಎಂದು ಅಪ್ಪಟ ನೇಕಾರರ ತರ್ಕ ಹೂಡಿ, ಅಂಗಡಿಯಲ್ಲಿ ವೈರು ಸಿಗದ ಕಾಲದಲ್ಲಿ ಮನೆಯಲ್ಲಿದ್ದುದನ್ನೇ ಎಳೆದಿದ್ದರು. ತರ್ಕ ಪೂರ್ತಿ ತಪ್ಪೇನಲ್ಲ. ಆದರೆ ಜರಿಯ ಒಡಲಲ್ಲಿರುವುದು ರೇಷ್ಮೆ, ಅದರ ಮೇಲೆ ಸುತ್ತಿದ ಬೆಳ್ಳಿ ಕಾಗದಕ್ಕಿಂತ ತೆಳುವು. ಮೇಲಾಗಿ ಎಳೆ ಮುಗಿದಲ್ಲೆಲ್ಲ ನೇಕಾರರ ಗಂಟು ಹಾಕಿದ್ದರು. ಆ ಗಂಟು ನೂಲನ್ನು ಬಿಡುವುದಿಲ್ಲ, ಕರೆಂಟನ್ನು ಹಾಯಗೊಡುವುದೂ ಇಲ್ಲ.

ಜರಿಗೂ ಆಗ ಬರಗಾಲ. ಸೀರೆಗೆ ಸಿಗದ ಜರಿಯನ್ನು ಗೋಡೆಗೆ ಹೊಡೆದ ಮನುಷ್ಯನಿಗೆ ಹುಚ್ಚಿರಬೇಕು, ಇಲ್ಲವೇ ಇದು ಅಷ್ಟು ಮುಖ್ಯವಾಗಿರಬೇಕು ಎನ್ನಿಸಿತು. ಒಳಗೆ ಯಾರು ಕೇಳಬೇಕು ಎಂದು ವಿಚಾರಿಸಿದೆ.

ಚೌಡಪ್ಪನವರು ನನ್ನನ್ನು ಜಗುಲಿಗೆ ಕರೆತಂದು ಕೂರಿಸಿ, ತಗ್ಗಿದ ದನಿಯಲ್ಲಿ ಹೇಳಿದರು. ಒಬ್ಬನೇ ಮಗ ಶಿವಲಿಂಗ ಸೈನ್ಯದಲ್ಲಿ ಲಾರಿ ಡ್ರೈವರು, ಪೂರ್ವದ ಗಡಿಯಲ್ಲಿದ್ದಾನೆ. ಸಂಜೆಯ ಸುದ್ದಿ ಕೇಳಲು ಬೀದಿಯ ಗಂಡಸರೆಲ್ಲ ಹಜಾರದಲ್ಲಿ ಸೇರುತ್ತಾರೆ. ಸೊಸೆ ಗೌರಮ್ಮ ಅವರೆದುರಿಗೆ ಬಂದು ಕೂರುವಂತಿಲ್ಲ. ಸುದ್ದಿ ಮುಗಿದ ಮೇಲೆ ಮಾವ ಒಳಗೆ ಹೋಗಿ ಕೇಳಿದ್ದನ್ನು ಹೇಳುವುದು ವಾಡಿಕೆ. ಹಿಂದಿನ ಮಳೆಗಾಲದಲ್ಲಿ ಒಂದು ಸಂಜೆ, ಶಿವಲಿಂಗ ಓಡಾಡುವ ರಸ್ತೆಯ ಮೇಲೆ ಬಾಂಬು ಬಿದ್ದಿದೆ ಎಂದು ರೇಡಿಯೋ ಹೇಳಿತು. ಮಾವ ಒಳಗೆ ಹೋಗಿ, ಇವತ್ತು ವಿಶೇಷ ಏನೂ ಇಲ್ಲ ಎಂದರು. ಮರುದಿನ ಬೆಳಿಗ್ಗೆ ನೀರಿನ ಬಾವಿಯ ಬಳಿ ಪಕ್ಕದ ಮನೆಯಾಕೆ ಗೌರಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟಳು.

"ಒಂದ್ಸಲ ಮುಚ್ಚಿಟ್ಟೆ ಸ್ವಾಮಿ," ಎಂದರು ಚೌಡಪ್ಪನವರು. "ಮಗ ಚೆನ್ನಾಗವ್ನೆ ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಈಗ ನಾನು ನಿಜಾನೇ ಹೇಳಿದ್ರೂ ಸುಮ್ಕೆ ನನ್ನ ಮುಖ ನೋಡ್ತಾಳೆ."

ಗೌರಮ್ಮ ತವರಾದ ನಲ್ಲೂರಿಗೆ ಹೋಗಿ ಇರುತ್ತೇನೆ ಎಂದಿದ್ದಳು. ಬರುವ ಸೋಮವಾರ ಅಣ್ಣ ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅಲ್ಲಿ ರೇಡಿಯೋವೇ ಇಲ್ಲ, ಆದರೆ ಕೇಳಿದ ಸುದ್ದಿಯನ್ನು ಮುಚ್ಚಿಡುವವರೂ ಇಲ್ಲ ಎಂಬುದು ಆಕೆಯ ಉತ್ತರ. ಮಗ ಬರುವವರೆಗೆ ಸೊಸೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೆ ಮಾವನಿಗೆ ತೋಚಿದ್ದು ಈ ಎರಡನೆಯ ಸ್ಪೀಕರ್. ನಾನು ಹೋದದ್ದು ಶನಿವಾರ.

ಸೆಟ್ಟಿನಲ್ಲಿ ತೊಂದರೆಯಿರಲಿಲ್ಲ. ಹೊರಗಿನ ಸ್ಪೀಕರ್ ಜೋಡಿಸಲೆಂದೇ ಅದರ ಬೆನ್ನಿನಲ್ಲಿ ಎರಡು ತೂತುಗಳಿದ್ದವು. ನಾನು ತಂದಿದ್ದ ವೈರು ಮಾತ್ರ ಬಾಗಿಲ ಗಂಟೆಗೆ ಬಳಸುವ ಸಣ್ಣದು, ಅಂಗಡಿಯಲ್ಲಿ ಅದಲ್ಲದೆ ಬೇರೆ ಇರಲಿಲ್ಲ. ಅದನ್ನೇ ತೊಲೆಗುಂಟ ಎಳೆದು ಜೋಡಿಸಿದೆ. ನೂಲಿನ ಕೋಣೆಯಲ್ಲಿ ಸದ್ದೇನೋ ಬಂತು, ಕಿವಿಯ ಬಳಿ ಸೊಳ್ಳೆ ಹಾಡಿದಷ್ಟು. ಸ್ಪೀಕರಿನೊಳಗಿನ ಸುರುಳಿಯ ತಡೆ ಬರೀ ಮೂರು ಓಮ್. ತಡೆ ಎಂದರೆ ಕರೆಂಟಿಗೆ ಆಗುವ ಅಡ್ಡಿ, ಅದರ ಅಳತೆ ಓಮ್. ಅರವತ್ತು ಅಡಿ ಹೋಗಿ ಅರವತ್ತು ಅಡಿ ವಾಪಸು ಬರುವ ಸಣ್ಣ ವೈರಿನ ತಡೆ ಅದರ ಎರಡು ಮೂರು ಪಟ್ಟಾಗುತ್ತದೆ. ಹಾಗಾಗಿ ಒಳಗೆ ಮುಟ್ಟಬೇಕಾದ ಸದ್ದಿನಲ್ಲಿ ಬಹುಪಾಲನ್ನು ವೈರೇ ನುಂಗಿಹಾಕಿತ್ತು. ಹಜಾರದಲ್ಲಿ ಸದ್ದು ಏರಿಸಿದರೆ ಅಲ್ಲಿ ಕಿವಿ ಕಿತ್ತುಹೋಗುತ್ತಿತ್ತು, ಇಲ್ಲಿ ಸೊಳ್ಳೆ ಸೊಳ್ಳೆಯಾಗಿಯೇ ಉಳಿಯುತ್ತಿತ್ತು. ಬೇಕಾದದ್ದು ದಪ್ಪ ತಾಮ್ರದ, ಹತ್ತಿ ಹೊದಿಸಿದ ಜೋಡಿ ವೈರು. ಆ ವರ್ಷ ಅದು ಬೆಂಗಳೂರಿನಲ್ಲೇ ಕಣ್ಣಿಗೆ ಬೀಳುತ್ತಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಸೋತಾಗೆಲ್ಲ ನನಗೆ ಸಿಟ್ಟೇ ಬರುವುದು. ವೈರು ಸಿಕ್ಕಾಗ ಬರುತ್ತೇನೆ ಎಂದು ಸಾಮಾನು ಕಟ್ಟತೊಡಗಿದೆ. ಗೌರಮ್ಮ ಕೋಣೆಯ ಮೂಲೆಯಲ್ಲಿ ನನಗೆ ಬೆನ್ನು ಮಾಡಿ ಕುಳಿತು ರಾಟೆ ತಿರುಗಿಸುತ್ತಿದ್ದಳು. ಸಣ್ಣ ನೂಲಿನ ನಾಲ್ಕು ಎಳೆಗಳನ್ನು ಕೂಡಿಸಿ ಹುರಿ ಮಾಡುತ್ತಿದ್ದಳು. ನಾಲ್ಕೂ ಒಂದಾಗಿ ಗಟ್ಟಿ ದಾರವಾಗಿ ಬರುವುದನ್ನು ನೋಡುತ್ತ ನನ್ನ ಕೈ ನಿಂತಿತು. ಇಷ್ಟು ಹೊತ್ತು ನಾನು ದಪ್ಪ ವೈರನ್ನು ಹುಡುಕುತ್ತಿದ್ದೆ, ಮಾಡಿಕೊಳ್ಳಬಹುದೆಂದು ಹೊಳೆದಿರಲಿಲ್ಲ.

ನನ್ನ ಚೀಲದಲ್ಲಿ ಸುಟ್ಟುಹೋದ ಎರಡು ಟ್ರಾನ್ಸ್‌ಫಾರ್ಮರುಗಳಿದ್ದವು. ನೆಲಮಂಗಲದ ಗಿರಾಕಿಯೊಬ್ಬರ ಸೆಟ್ಟುಗಳಿಂದ ಬಿಚ್ಚಿ ತಂದವು. ಸುಟ್ಟ ಸುರುಳಿ ಟ್ರಾನ್ಸ್‌ಫಾರ್ಮರಿಗೆ ಆಗದಿದ್ದರೂ ತಾಮ್ರ ತಾಮ್ರವೇ. ಬಿಚ್ಚಿ ನೋಡಿದರೆ ಒಳಗೆ ಬೇಕಾದಷ್ಟು ತಂತಿಯಿತ್ತು. ಅಂಗಳದಲ್ಲಿ ಮೊಳೆ ಹೊಡೆದು ಎಂಟೆಂಟು ಎಳೆಗಳನ್ನು ಹಾಸಿದೆ. ಇದನ್ನು ಹುರಿ ಮಾಡಲಾದೀತೇ ಎಂದು ಚೌಡಪ್ಪನವರ ಮೂಲಕ ಕೇಳಿಸಿದೆ. ಗೌರಮ್ಮ ಎದ್ದು ಬಂದು ತಂತಿಯನ್ನು ಬೆರಳಲ್ಲಿ ಹೊಸೆದು ನೋಡಿದಳು.

"ಆಗ್ತದೆ. ನೂಲಿನಂಗೆ ಬಿರುಸಾಗಿ ತಿರುಗ್ಸಿದ್ರೆ ತುಂಡಾಗ್ತದೆ, ನಿಧಾನಕ್ಕೆ ಮಾಡ್ಬೇಕು," ಎಂದಳು.

ನಿಧಾನಕ್ಕೇ ಮಾಡಿದಳು. ಎರಡು ಹುರಿಗಳಾದವು, ಒಂದು ಸದ್ದು ಹೋಗುವುದಕ್ಕೆ, ಒಂದು ವಾಪಸು ಬರುವುದಕ್ಕೆ. ಅವೆರಡೂ ಒಂದನ್ನೊಂದು ಮುಟ್ಟಕೂಡದು ಎಂದಾಗ, ಮೇಲೆ ಹತ್ತಿಯ ನೂಲು ಸುತ್ತಿದರಾಯಿತು ಎಂದವರು ಚೌಡಪ್ಪನವರು. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ ನೂಲು ಸುತ್ತಿದರು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಕೈಯಲ್ಲಿದ್ದ ವೈರು ಪರದೇಶದಿಂದ ಬರುತ್ತಿದ್ದ ಮಾಲಿಗಿಂತ ಚೆಂದವಾಗಿತ್ತು. ತಂತಿಗೆ ಮೊದಲೇ ಬಳಿದಿದ್ದ ಅರಗನ್ನು ತುದಿಗಳಲ್ಲಿ ಚಾಕುವಿನಿಂದ ಕೆರೆದು, ಎಂಟೂ ಎಳೆ ಸೇರಿಸಿ ಬೆಸುಗೆ ಹಾಕಿದೆ. ಸ್ಪೀಕರಿನ ಪಕ್ಕದಲ್ಲಿ ಸದ್ದು ಏರಿಸಿ ಇಳಿಸುವ ಒಂದು ತಿರುಪನ್ನೂ ಕೂರಿಸಿದೆ. ಅದು ಆಕೆಯ ಕೈಗೆ ಎಟಕುವಂತಿರಲಿ ಎಂದು ಚೌಡಪ್ಪನವರೇ ಜಾಗ ತೋರಿಸಿದರು.

ಸಂಜೆ ಮಗ್ಗಗಳು ನಿಂತವು, ಹಜಾರ ತುಂಬಿತು. ನಾನು ವೈರು ನೋಡಿಕೊಳ್ಳುವ ನೆಪದಲ್ಲಿ ಅಂಗಳದಲ್ಲೇ ನಿಂತೆ. ಸುದ್ದಿ ಓದುವವನ ದನಿ ನೂಲಿನ ಕೋಣೆಯಲ್ಲಿ ಸ್ಪಷ್ಟವಾಗಿ ಮೂಡಿತು. ಆದರೆ ಸುದ್ದಿ ಒಳ್ಳೆಯದಾಗಿರಲಿಲ್ಲ. ಗಡಿಯಲ್ಲಿ ಕಾಳಗ ಮುಂದುವರಿದಿದೆ, ಒಂದು ರಸ್ತೆ ಕಡಿದುಹೋಗಿದೆ ಎಂದಿತು ರೇಡಿಯೋ. ಗೌರಮ್ಮ ಕೈಯನ್ನು ತಿರುಪಿನ ಮೇಲೆ ಇಟ್ಟುಕೊಂಡೇ ಇದ್ದಳು. ಏರಿಸಲಿಲ್ಲ, ಇಳಿಸಲೂ ಇಲ್ಲ.

ಸುದ್ದಿ ಮುಗಿಯಿತು. ಹಜಾರದಲ್ಲಿ ಎಂದಿನ ವಾದ ಎದ್ದಿತು. ಚೌಡಪ್ಪನವರು ಅಭ್ಯಾಸಬಲದಿಂದ ಎದ್ದು, ಮಗ್ಗದ ಮನೆ ದಾಟಿ, ಕೋಣೆಯ ಹೊಸ್ತಿಲಿನವರೆಗೆ ಬಂದರು. ಬಂದ ಮೇಲೆಯೇ ಅವರಿಗೆ ಹೊಳೆದದ್ದು, ಇನ್ನು ಹೇಳುವುದಕ್ಕೆ ಏನೂ ಇಲ್ಲ ಎಂದು. ಮುದುಕರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ದಿನಾ ಸಂಜೆ ಅವರಿಗಿದ್ದ ಒಂದು ಕೆಲಸವನ್ನು ನಾನೇ ಕಿತ್ತುಕೊಂಡೆನಲ್ಲ ಎಂದು ನನಗೆ ಬಹಳ ಬೇಜಾರಾಯಿತು.

ಗೌರಮ್ಮ ಸೆರಗು ಸರಿಮಾಡಿಕೊಂಡು ಎದ್ದು, ಮಣೆಯೊಂದನ್ನು ಹೊಸ್ತಿಲ ಬಳಿ ಸರಿಸಿದಳು.

"ಕೂತ್ಕಳಿ ಮಾವ. ನೀವೂ ಹೇಳಿ, ಕೇಳ್ತೀನಿ."

ಅವರು ಕುಳಿತು ಹೇಳಿದರು. ಕಾಳಗವನ್ನೂ ಹೇಳಿದರು, ಕಡಿದುಹೋದ ರಸ್ತೆಯನ್ನೂ ಹೇಳಿದರು. ಆಗಲೇ ಪೂರ್ತಿ ಕೇಳಿದ್ದವಳು ಹೊಸದಾಗಿ ಕೇಳುವವಳಂತೆ ತಲೆತಗ್ಗಿಸಿ ಕೊನೆಯವರೆಗೂ ಕೇಳಿದಳು.

ಮುಂದೆ ಮೂವತ್ತು ವರ್ಷ ಆ ವೃತ್ತಿಯಲ್ಲಿದ್ದೆ. ಸದ್ದು ಮುಟ್ಟಿಸಿದರೆ ನಮ್ಮ ಕೆಲಸ ಮುಗಿಯಿತು ಎನ್ನುವ ಮೆಕ್ಯಾನಿಕ್‌ಗಳ ನಡುವೆ ನಾನು ಸೆಟ್ಟು ಬಿಚ್ಚುವ ಮುಂಚೆ, ಕೇಳುವವರು ಯಾರು, ಅವರೆಲ್ಲಿ ಕೂರುತ್ತಾರೆ ಎಂದು ವಿಚಾರಿಸುವುದನ್ನು ಬಿಡಲಿಲ್ಲ. ಅದನ್ನು ಕಲಿತದ್ದು ಆ ಮನೆಯಲ್ಲಿ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆಂದು ಹೊರಟಾಗ ಗೌರಮ್ಮನ ಅಣ್ಣ ನಲ್ಲೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ. ಇದ್ದಿಲ ಬಸ್ಸು ಹೊರಡುವುದಕ್ಕೆ ಎಷ್ಟು ತಡ ಮಾಡಿತೆಂದರೆ, ಅವನು ತಂಗಿಯ ಮನೆಯಲ್ಲಿ ಊಟ ಮುಗಿಸಿ, ಖಾಲಿ ಗಾಡಿ ಹೊಡೆದುಕೊಂಡು ನಮ್ಮ ಮುಂದೆಯೇ ಊರಿಗೆ ಹೊರಟುಹೋದ.