ಸುಣ್ಣದಡಿಯ ತತ್ತಿ

ಕರಿಹುಣಸಿಯ ಸರ್ಕಾರಿ ಶಾಲೆಯ ಗೋಡೆಯೆದುರು ದಾವಲಸಾಬ ನದಾಫ್ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ನೀರು, ಕೈಯಲ್ಲಿ ನೆನೆಸಿದ ಗೋಣಿಚೀಲದ ತುಂಡು. ಗೋಡೆಗೆ ಬಳಿದ ಸುಣ್ಣವನ್ನು ಅವರು ಉಜ್ಜುವುದಿಲ್ಲ. ಮಗುವಿನ ಮುಖ ಒರೆಸುವ ಹಾಗೆ ದುಂಡಗೆ ಒರೆಸುತ್ತಾರೆ. ನಾಲ್ಕು ಸುತ್ತಿಗೆ ಬಿಳಿ ಕರಗಿ ಮಜ್ಜಿಗೆಯಂತೆ ಕೆಳಗಿಳಿಯುತ್ತದೆ. ಅದರ ಹಿಂದಿನಿಂದ ಮೊದಲು ಒಂದು ಬುಟ್ಟಿಯ ಅಂಚು, ಆಮೇಲೆ ಬುಟ್ಟಿಯ ಪಕ್ಕ ಬರೆದ ಮೊಟ್ಟೆ ಕಾಣಿಸಿಕೊಳ್ಳುತ್ತದೆ.

ಕರಿಹುಣಸಿ ಕೊಪ್ಪಳ ಸೀಮೆಯ ಊರು. ನಾಳೆ ಮಂಗಳವಾರ, ಇಲ್ಲಿಯ ಸಂತೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದೂ ನಾಳೆಯೇ. ಗೋಡೆ ಒರೆಸಲು ದಾವಲಸಾಬರಿಗೆ ಯಾರೂ ಹೇಳಿಲ್ಲ. ಪಂಚಾಯಿತಿಯವರು ಹೇಳಿರುವುದು ಇದಕ್ಕೆ ತೀರ ವಿರುದ್ಧ: ಸೋತುಹೋದ ಸರ್ಕಾರದ ಬರಹವೆಲ್ಲ ಪೂರ್ತಿ ಅಡಗುವಂತೆ ಗಟ್ಟಿಯಾಗಿ ಇನ್ನೊಂದು ಸುತ್ತು ಬಿಳಿ ಬಳಿಯಬೇಕು. ಸುಣ್ಣದ ಚೀಲವನ್ನೂ ಅಂಟಿನ ಡಬ್ಬಿಯನ್ನೂ ಅವರು ಸೈಕಲ್ಲಿಗೆ ಕಟ್ಟಿಕೊಂಡೇ ಬಂದಿದ್ದಾರೆ. ಗಂಟು ಮಾತ್ರ ಬಿಚ್ಚಿಲ್ಲ.

"ಮಾತು ಕೊಟ್ಟಿದ್ದು ಮೊದಲ ಮುಗಿಸ್ತೀನ್ರಿ," ಎನ್ನುತ್ತಾರೆ ಗೋಡೆಯಿಂದ ಕಣ್ಣು ತೆಗೆಯದೆ. "ಆಮ್ಯಾಲ ಪಂಚಾಯ್ತಿ ಕೆಲಸ. ಬೈದರ ಬೈಸ್ಕೊಂಡ್ರಾತು."

ಬೈಗುಳವಷ್ಟೇ ಆದರೆ ದೊಡ್ಡದಲ್ಲ. ಪಂಚಾಯಿತಿಯ ಗೋಡೆ ಬಿಟ್ಟರೆ ಅವರಿಗೆ ಬೇರೆ ಕೆಲಸ ಉಳಿದಿಲ್ಲ.

ದಾವಲಸಾಬರ ತಂದೆ ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದವರು, ಗಾದಿ ಹೊಲಿಯುತ್ತಿದ್ದವರು. ಅಂಗಡಿಯ ಗಾದಿ ಬಂದು ಆ ಕಸುಬು ಮಲಗಿತು. ಮಗ ತಾಲ್ಲೂಕು ಪೇಟೆಯ ಬೋರ್ಡ್ ಬರೆಯುವ ಅಂಗಡಿ ಸೇರಿ ಅಕ್ಷರ ತಿದ್ದಲು ಕಲಿತರು. ಮದುವೆಯ ಬ್ಯಾನರ್, ಕಿರಾಣಿ ಅಂಗಡಿಯ ಹಲಗೆ, ಲಾರಿಯ ಹಿಂಬದಿ ಎಲ್ಲ ಅವರ ಕೈಯಲ್ಲಿ ಬಣ್ಣ ಕಂಡವು. ಮುಂದೆ ಫ್ಲೆಕ್ಸ್ ಬಂದು ಆ ಕಸುಬನ್ನೂ ಮಲಗಿಸಿತು. ಉಳಿದದ್ದು ಸರ್ಕಾರ.

"ಸರ್ಕಾರಕ್ಕ ಗ್ವಾಡಿ ಬೇಕ ಬೇಕ್ರಿ," ಎಂದು ನಗುತ್ತಾರೆ. "ಫ್ಲೆಕ್ಸ್ ಕಟ್ಟಿದ್ರ ನಮ್ಮ ಮಂದಿ ಸಂಜಿಗೆ ಬಿಚ್ಕೊಂಡು ಹೋಗಿ ದನದ ಕೊಟಿಗಿಗೆ ಹೊದಸ್ತಾರ. ಗ್ವಾಡಿ ಹೊತ್ಕೊಂಡು ಹೋಗಾಕ ಬರೂದಿಲ್ಲಲ್ಲ!"

ಹಾಗಾಗಿ ಈ ಭಾಗದಲ್ಲಿ ಸರ್ಕಾರಗಳು ಬಂದು ಹೋದದ್ದನ್ನೆಲ್ಲ ಅವರ ಕುಂಚ ಕಂಡಿದೆ. ಶೌಚಾಲಯ ಕಟ್ಟಿಸಿ ಎಂದು ಬರೆದಿದ್ದಾರೆ, ಹೆಣ್ಣುಮಕ್ಕಳಿಗೆ ಸೈಕಲ್ ಎಂದು ಬರೆದಿದ್ದಾರೆ, ಅಕ್ಕಿ ಎಂದು, ಪಿಂಚಣಿ ಎಂದು, ಬಸ್ಸು ಪುಕ್ಕಟೆ ಎಂದು. ಒಂದೊಂದು ಅವಧಿಗೆ ಒಂದೊಂದು ಬಣ್ಣ. ಪಂಚಾಯಿತಿ ಕಟ್ಟಡದ ಮೂಲೆಯಲ್ಲಿ ಗಾರೆ ಒಡೆದ ಜಾಗವೊಂದಿದೆ. ಅಲ್ಲಿ ಇಣುಕಿದರೆ ಕೆರೆಯ ಹೂಳಿನಲ್ಲಿ ವರ್ಷವರ್ಷದ ಪದರ ಕಾಣುವಂತೆ ಹಳದಿ, ನೀಲಿ, ಹಸಿರು, ಮತ್ತೆ ನೀಲಿ ಒಂದರ ಮೇಲೊಂದು ಕುಳಿತಿವೆ. ನಡುನಡುವೆ ಬಿಳಿ ಗೆರೆ; ಅದು ಚುನಾವಣೆ.

ಚುನಾವಣೆ ಘೋಷಣೆಯಾದೊಡನೆ ಸರ್ಕಾರದ ಪ್ರಚಾರ ಗೋಡೆಯ ಮೇಲೆ ಕಾಣಕೂಡದು ಎಂಬುದು ನಿಯಮ. ಬರೆದವರನ್ನೇ ಮುಚ್ಚಲು ಕರೆಯುತ್ತಾರೆ. ಆ ಎರಡು ಮೂರು ದಿನ ದಾವಲಸಾಬರಿಗೆ ಊಟಕ್ಕೆ ಪುರುಸೊತ್ತಿರುವುದಿಲ್ಲ. ಪಂಚಾಯಿತಿಗೆ ಸೇರಿದ ಐದೂರುಗಳ ಗೋಡೆಗಳನ್ನೆಲ್ಲ ಒಬ್ಬರೇ ಬೆಳ್ಳಗೆ ಮಾಡಬೇಕು. ಬರೆಯಲು ಒಂದು ದಿನ ಹಿಡಿದ ಗೋಡೆ ಮುಚ್ಚಲು ಅರ್ಧ ಗಂಟೆ ಸಾಕು.

ಹಿಂದಿನ ಯಾವುದೋ ಸರ್ಕಾರದ ಕೊನೆಯಲ್ಲಿ ಇದೇ ಶಾಲೆಯ ಇದೇ ಗೋಡೆಯ ಮೇಲೆ ಮಕ್ಕಳಿಗೆ ಹಾಲು ಕೊಡುವ ಚಿತ್ರವಿತ್ತು. ದಾವಲಸಾಬರು ಅದನ್ನು ಕಲಿತ ರೀತಿಯಲ್ಲೇ ಮುಚ್ಚಿದರು: ಬೆಳಗಿನ ತಂಪಿನಲ್ಲಿ, ಸುಣ್ಣಕ್ಕೆ ಅಂಟು ಕಲಸಿ, ಎರಡು ಕೈ. ಆ ವರ್ಷ ಶಾಲೆ ತೆರೆದ ಮೇಲೆ ಕೆಲವು ತಿಂಗಳು ಹಾಲಿನ ಪುಡಿ ಬರಲಿಲ್ಲ. ಹಳೆಯ ಸರ್ಕಾರದ ಗುತ್ತಿಗೆ ಮುಗಿದಿತ್ತು, ಹೊಸದಕ್ಕೆ ಸಹಿಯಾಗಿರಲಿಲ್ಲ. ಕರಿಹುಣಸಿಯ ಜನ ಗುತ್ತಿಗೆ ಕಂಡವರಲ್ಲ. ಅವರು ಕಂಡದ್ದು ಗೋಡೆಯನ್ನು. ಗೋಡೆಯ ಮೇಲೆ ಹಾಲಿದ್ದಾಗ ಲೋಟದಲ್ಲೂ ಇತ್ತು. ಗೋಡೆಯಿಂದ ಹೋದ ಮೇಲೆ ಲೋಟದಿಂದಲೂ ಹೋಯಿತು. ಅಳಿಸಿದವನು ಯಾರು? ದಾವಲಸಾಬ.

ಚಹಾದಂಗಡಿಯಲ್ಲಿ ಅವರನ್ನು ಕಂಡರೆ, "ಏ ದಾವಲಣ್ಣಾ, ನಿನ್ನ ಬ್ರಶ್ ಆ ಕಡೆ ಇಡೋ ಮಾರಾಯಾ, ನಮ್ಮ ಎಮ್ಮಿ ಬತ್ತೀತು," ಎನ್ನುತ್ತಿದ್ದರು. ಸೈಕಲ್ಲಿನ ಹಿಂದೆ ಮಕ್ಕಳು ಓಡಿ "ಹಾಲ್ ಅಳಿಸಿದ ಸಾಬಾ" ಎಂದು ಕೂಗುತ್ತಿದ್ದರು. ಆ ಮಕ್ಕಳಿಗೆ ಈಗ ಮಕ್ಕಳಾಗಿವೆ. ಹೆಸರು ಪೂರ್ತಿ ಹೋಗಿಲ್ಲ.

ಈಗ ಸೋತ ಸರ್ಕಾರದ ಅವಧಿಯಲ್ಲಿ ಹಾಲಿನ ಜೊತೆಗೆ ವಾರಕ್ಕೆರಡು ದಿನ ಮೊಟ್ಟೆ ಬಂತು, ಒಲ್ಲದವರಿಗೆ ಬಾಳೆಹಣ್ಣು. ಗೋಡೆಯ ಮೇಲ್ಭಾಗದಲ್ಲಿ ಮುಖ್ಯಮಂತ್ರಿಯ ಮುಖ, ಯೋಜನೆಯ ಹೆಸರು. ಕೆಳಗೆ ಯಾವ ದಿನ ಏನು ಎಂಬುದು. ವಾರದ ಹೆಸರುಗಳನ್ನು ಬರೆಯಿರಿ ಎಂದಷ್ಟೇ ಪಂಚಾಯಿತಿ ಹೇಳಿತ್ತು. ದಾವಲಸಾಬರು ಪ್ರತಿ ಹೆಸರಿನ ಪಕ್ಕ ತಮ್ಮ ಕೈಯಿಂದ ಒಂದೊಂದು ಗುರುತು ಸೇರಿಸಿದರು. ಸೋಮವಾರ ಇಲ್ಲಿ ಎತ್ತಿಗೆ ನೊಗ ಹಾಕುವುದಿಲ್ಲ. ಆ ದಿನಕ್ಕೆ ಮಲಗಿ ಮೆಲುಕು ಹಾಕುವ ಎತ್ತು, ಪಕ್ಕದಲ್ಲಿ ಹಾಲಿನ ಲೋಟ. ಮಂಗಳವಾರಕ್ಕೆ ಸಂತೆಯ ಬುಟ್ಟಿ, ಪಕ್ಕದಲ್ಲಿ ಮೊಟ್ಟೆ. ಗುರುವಾರಕ್ಕೆ ದರ್ಗಾದ ಹಸಿರು ನಿಶಾನೆ, ಮತ್ತೊಂದು ಮೊಟ್ಟೆ. ಶುಕ್ರವಾರಕ್ಕೆ ದೀಪ, ಶನಿವಾರಕ್ಕೆ ಹನುಮಪ್ಪನ ಗದೆ.

"ಬುಧವಾರಕ್ಕ ಏನೂ ಹೊಳೀಲಿಲ್ರಿ. ಬರೇ ಉಣ್ಣೂ ಗಂಗಾಳ ಬರದು ಬಿಟ್ಟೆ. ಅವತ್ತಿನಿಂದ ಊರಾಗ ಬುಧವಾರಕ್ಕ ಗಂಗಾಳವಾರ ಅಂತ ಅಂತಾರ."

ಮೂರು ಹೊತ್ತೂ ಕೂಲಿಗೆ ಓಡುವ, ಅಕ್ಷರ ಬಾರದ ಹೆಂಗಸರಿಗೆ ಆ ಗೋಡೆ ಓದಲು ಬಂತು. ಅವರಲ್ಲಿ ಮೊದಲಿಗಳು ಹುಲಿಗೆವ್ವ. ಮೆಣಸಿನಕಾಯಿ ಬಿಡಿಸಲು ಹೋಗುವವಳು. ಇಬ್ಬರು ಮೊಮ್ಮಕ್ಕಳು ಇದೇ ಶಾಲೆಯಲ್ಲಿದ್ದಾರೆ. ಒಂದು ಸಂತೆಯ ದಿನ ಮೊಟ್ಟೆ ಬೇಯದೆ ಹೋದಾಗ ಅವಳು ಅಡುಗೆಯವಳ ಕೈ ಹಿಡಿದು ತಂದು ಗೋಡೆಯ ಮುಂದೆ ನಿಲ್ಲಿಸಿದ್ದಳಂತೆ.

ಕಳೆದ ಮಾರ್ಚಿನಲ್ಲಿ ಚುನಾವಣೆ ಘೋಷಣೆಯಾಗಿ ದಾವಲಸಾಬರು ಸುಣ್ಣ ಹಿಡಿದು ಬಂದಾಗ, ಅದೇ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದವಳೂ ಹುಲಿಗೆವ್ವನೇ.

"ಏಳಬೇ ಯಕ್ಕ, ಬಣ್ಣ ಹತ್ತತೈತಿ."

"ಹತ್ತಲಿ. ನನಗೂ ಬಳಿ. ನಾ ಏಳಂಗಿಲ್ಲ."

"ಮ್ಯಾಲಿಂದ ಆರ್ಡರ್ ಬಂದೈತಿ."

"ಮ್ಯಾಲಿನವರ ಮುಖ ಮ್ಯಾಲೈತಿ, ಅದನ್ನ ಬಳಕೋ ಹೋಗು. ನಾ ಕುಂತಿದ್ದು ತತ್ತಿ ಮುಂದ. ಹಿಂದಕ ಹಾಲು ನುಂಗಿದಿ, ಈ ಸಲ ತತ್ತಿ ನುಂಗಾಕ ಬಂದಿಯೇನು?"

"ಹಾಲು ನಾ ನುಂಗಲಿಲ್ಲವ್ವಾ! ಪುಡಿ ಬರಲಿಲ್ಲ ಅಂತ ಎಷ್ಟು ಸಲ ಹೇಳಲಿ?"

"ಪುಡಿ ಬರಲಿಲ್ಲ, ಖರೆ. ಬರಲಿಲ್ಲ ಅಂತ ಕೇಳಾಕ ಹೋದ್ವಿ. ಎಲ್ಲಿ ಬರದೈತಿ ತೋರಸು ಅಂದ್ರು. ಗ್ವಾಡಿ ಬೆಳ್ಳಗಿತ್ತು. ಏನ್ ತೋರಸೂಣು?"

ಗೋಡೆ ಅಳಿಸಿದ್ದರಿಂದ ಹಾಲು ನಿಂತಿತು ಎಂಬುದು ತಪ್ಪು ತರ್ಕ. ಎರಡು ಸಂಗತಿ ಒಂದರ ಹಿಂದೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಆದರೆ ನಿಂತ ಹಾಲು ಅಷ್ಟು ದಿನ ನಿಂತೇ ಇದ್ದುದಕ್ಕೆ, ಕೇಳುವವರ ಬೆರಳಿಗೆ ತೋರಿಸಲು ಏನೂ ಉಳಿಯದಿದ್ದುದು ಕಾರಣವಲ್ಲ ಎಂದು ಹೇಳುವುದು ಕಷ್ಟ. ದಾವಲಸಾಬರು ಈ ಲೆಕ್ಕ ಹಾಕಲಿಲ್ಲ. ಬಕೆಟ್ ಕೆಳಗಿಟ್ಟು ಅವಳ ಪಕ್ಕ ಕುಳಿತರು. ನೆರಳು ಸರಿದು ಬಿಸಿಲು ಗೋಡೆಗೆ ಬರುವವರೆಗೂ ಇಬ್ಬರೂ ಕುಳಿತೇ ಇದ್ದರು.

ಸುಣ್ಣ ಗಾಳಿಯನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುವ ವಸ್ತು. ಹಾಗೆ ಕಲ್ಲಾಗಲು ಅದಕ್ಕೆ ತೇವ ಬೇಕು. ಅದಕ್ಕೇ ಗೋಡೆಯನ್ನು ತಂಪಿನಲ್ಲಿ ಬಳಿಯುತ್ತಾರೆ, ಹಿಡಿತಕ್ಕೆ ಅಂಟು ಸೇರಿಸುತ್ತಾರೆ. ಕಾದ ಗೋಡೆಗೆ, ಅದೂ ಎಣ್ಣೆಬಣ್ಣದ ಮೇಲೆ, ಬರಿಯ ಸುಣ್ಣವನ್ನು ತೆಳ್ಳಗೆ ಬಳಿದರೆ ಅದು ಆರಿ ಪುಡಿಯಾಗಿಯೇ ಉಳಿಯುತ್ತದೆ. ಬಣ್ಣದವರು ಇದನ್ನು ಕೆಟ್ಟ ಕೆಲಸ ಎನ್ನುತ್ತಾರೆ. ಅವತ್ತು ದಾವಲಸಾಬರು ನಡುಮಧ್ಯಾಹ್ನ ಎದ್ದು, ಅಂಟು ಕಲಸದ ಸುಣ್ಣವನ್ನು ಮೊಟ್ಟೆಯ ಮೂಲೆಗೆ ಒಂದು ಕೈ ಎಳೆದರು. ಆರಿದ ಮೇಲೆ ಹುಲಿಗೆವ್ವನನ್ನು ಕರೆದರು.

"ಬಟ್ಟು ಹಚ್ಚಿ ನೋಡು."

ಅವಳು ಹೆಬ್ಬೆರಳು ಒತ್ತಿ ತಿಕ್ಕಿದಳು. ಬೆರಳು ಬೆಳ್ಳಗಾಯಿತು. ಗೋಡೆಯಲ್ಲಿ ಮೊಟ್ಟೆ ಇಣುಕಿತು.

"ಎಲೆಕ್ಷನ್ ಮುಗೀಲಿ. ಯಾರರ ಬರಲಿ, ಸಾಲಿ ತಗಿಯೂದ್ರಾಗ ನಾನ ಬಂದು ತಿಕ್ಕಿ ಕೊಡ್ತೀನಿ."

ಹುಲಿಗೆವ್ವ ಎದ್ದು ಸೀರೆ ಕೊಡವಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. "ನಾ ತಿಕ್ಕಿದ್ದು ಮುಚ್ಚು ಮತ್ತ. ಯಾರರ ನೋಡಿದ್ರ ನಿನ್ನ ಕೂಲಿ ಹೋದೀತು."

ಅವತ್ತು ಇಡೀ ಗೋಡೆಗೆ ಬಿದ್ದದ್ದು ಅದೇ ಅಂಟಿಲ್ಲದ ಸುಣ್ಣ. ಫಲಿತಾಂಶ ಬಂತು. ಸರ್ಕಾರ ಹೋಯಿತು. ಮೇ ತಿಂಗಳ ಮೊದಲ ಗುಡುಗುಮಳೆ ಗೋಡೆಗೆ ಅಡ್ಡ ಬಡಿದು, ಬಿಳಿಯ ನಡುವೆ ಮಾಜಿ ಮುಖ್ಯಮಂತ್ರಿಯ ಒಂದು ಕಿವಿ ಮತ್ತು ಎರಡು ಹುಬ್ಬು ತೇಲಿ ಬಂದವು. "ಸೋತ್ರೂ ಹಣಿಕಿ ಹಾಕಾಕತ್ತಾನಲ್ಲೋ!" ಎಂದು ಚಹಾದಂಗಡಿ ನಕ್ಕಿತು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಲೋಹಿತ್ ನಗಲಿಲ್ಲ. ಎಲ್ಲ ಗೋಡೆಗೂ ಅಂಟು ಹಾಕಿ ಬಳಿಯಿರಿ ಎಂದು ಅವರು ಹೇಳಿದ್ದು ಆ ಹುಬ್ಬುಗಳನ್ನು ಕಂಡೇ.

ಬೆಳಗು ಏರಿದೆ. ಎತ್ತು, ಬುಟ್ಟಿ, ಗಂಗಾಳ, ನಿಶಾನೆ, ದೀಪ ಒಂದೊಂದಾಗಿ ಹೊರಬಂದಿವೆ. ಲೋಹಿತ್ ಅವರ ಬೈಕು ಗೇಟಿನ ಬಳಿ ನಿಲ್ಲುತ್ತದೆ. ಹಾಸನದ ಕಡೆಯ ಹುಡುಗ. ಕೆಲಸಕ್ಕೆ ಸೇರಿ ಎರಡು ವರ್ಷ.

"ಏನ್ರೀ ದಾವಲ್‌ಸಾಬ್ರೇ, ಬಳೀರಿ ಅಂದ್ರೆ ತಿಕ್ತಾ ಇದೀರಲ್ಲ! ಯಾರ್ ಹೇಳಿದ್ರು ನಿಮ್ಗೆ?"

"ಯಾರೂ ಹೇಳಿಲ್ರಿ ಸಾಹೇಬ್ರ."

"ನಾಳೆ ಯಾರಾದ್ರೂ ಫೋಟೊ ತೆಗ್ದು, ಪಂಚಾಯ್ತಿಯೋರು ಹಳೇ ಸರ್ಕಾರದ ಪ್ರಚಾರ ಮಾಡ್ತಾವ್ರೆ ಅಂತ ಹಾಕಿದ್ರೆ? ಉತ್ತರ ಹೇಳೋನು ನಾನು. ಮುಂದಿನ ಸಲ ಬೋರ್ಡನ್ನೇ ಪ್ರಿಂಟ್ ಹಾಕ್ಸಿ ತಗುಲ್ಸಿಬಿಡ್ತೀನಿ ನೋಡಿ."

ದಾವಲಸಾಬರ ಕೈ ನಿಲ್ಲುತ್ತದೆ. ಒಂದು ಗಳಿಗೆ ಅವರು ಸೈಕಲ್ಲಿನ ಕಡೆ, ಬಿಚ್ಚದ ಗಂಟಿನ ಕಡೆ ನೋಡುತ್ತಾರೆ. ಆಮೇಲೆ ಗೋಣಿಚೀಲವನ್ನು ಮತ್ತೆ ನೀರಿಗೆ ಅದ್ದುತ್ತಾರೆ. "ಇನ್ನೊಂದು ಗದಾ ಉಳದೈತ್ರಿ," ಎನ್ನುತ್ತಾರೆ.

ಅಷ್ಟರಲ್ಲಿ ಶಾಲೆ ತೊಳೆಸಲು ಬಂದ ಮುಖ್ಯ ಶಿಕ್ಷಕಿ ವಿಶಾಲಾಕ್ಷಿ ಟೀಚರ್ ಗೇಟು ದಾಟುತ್ತಾರೆ. ಅವರ ಹಿಂದೆಯೇ, ಕೆಲಸಕ್ಕೆ ಹೊರಟ ಬುತ್ತಿಗಂಟಿನೊಂದಿಗೆ ಹುಲಿಗೆವ್ವ.

"ತತ್ತಿ ಬಗ್ಗೆ ಏನಾದ್ರೂ ಬಂದೈತೇನ್ರಿ ಸರ್?" ಟೀಚರ್ ಅಧಿಕಾರಿಯನ್ನು ಕೇಳುತ್ತಾರೆ. "ನಿಲ್ಲಸ್ರಿ ಅಂತ ಆದೇಶ ಇಲ್ಲ, ಮುಂದುವರಸ್ರಿ ಅಂತಾನೂ ಇಲ್ಲ. ಬರೂತನ ಕಾಯೂಣು ಅಂತ ಮಾಡಿದ್ದೆ."

"ನಮ್ಗೂ ಏನೂ ಬಂದಿಲ್ಲ," ಎನ್ನುತ್ತಾರೆ ಲೋಹಿತ್. ಹುಲಿಗೆವ್ವ ಮುಂದೆ ಬಂದು ಒದ್ದೆ ಗೋಡೆಯ ಮೇಲೆ ಬೆರಳಿಡುತ್ತಾಳೆ.

"ಟೀಚರಮ್ಮ, ಇದೇನು?"

"ತತ್ತಿ."

"ಯಾವತ್ತಿಂದು?"

"ಸಂತಿ ದಿನದ್ದು."

"ನಾಳಿ ಏನು?"

ಟೀಚರ್ ನಗು ತಡೆಯಲಾರದೆ ಅಧಿಕಾರಿಯ ಮುಖ ನೋಡುತ್ತಾರೆ. "ನಾಳಿ ಸಂತಿ ಬಿಡವಾ. ಹಿಡ್ಕೊಂಡ್ಬಿಟ್ಯಲ್ಲ ನನ್ನ! ನಿಲ್ಲಸು ಅಂತ ಬರದು ಕಳಸೂತನ ಕುದಿಸ್ತೀನಿ." ಮತ್ತೆ ಅಡುಗೆಮನೆಯ ಕಡೆ ತಿರುಗಿ ಕೂಗುತ್ತಾರೆ, "ಅಂಗಡಿಗೆ ತತ್ತಿ ಹೇಳಿ ಕಳಸ್ರೇ!"

ಲೋಹಿತ್ ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. "ಊಟದ ವಿವರ ಪ್ರಚಾರ ಅಲ್ಲ, ಇರ್ಲಿ," ಎನ್ನುತ್ತಾರೆ. "ಆ ಹುಬ್ಬು ಮಾತ್ರ ಕಾಣ್ಬಾರ್ದು. ಹೆಸ್ರು ಕಾಣ್ಬಾರ್ದು. ಅಷ್ಟು ಮಾಡ್ಕೊಡಿ." ಬೈಕು ಹೊರಡುತ್ತದೆ. ಪ್ರಿಂಟ್ ಬೋರ್ಡಿನ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿಲ್ಲ. ದಾವಲಸಾಬರು ಕೇಳಿಯೂ ಇಲ್ಲ.

ಈಗ ಗಂಟು ಬಿಚ್ಚುತ್ತದೆ. ಗೋಡೆಯ ಮೇಲರ್ಧಕ್ಕೆ ಅಂಟು ಕಲಸಿದ ಸುಣ್ಣ, ಬೆಳಗಿನ ತಂಪು ಆರುವ ಮೊದಲು, ಎರಡು ಕೈ. ಕಿವಿ, ಹುಬ್ಬು, ಹೆಸರು ಎಲ್ಲ ಒಳಗೆ ಹೋಗುತ್ತವೆ. ಹೊಸ ಸರ್ಕಾರ ಯೋಜನೆಗೆ ಏನು ಹೆಸರಿಡುತ್ತದೋ, ಅದಕ್ಕೆ ಜಾಗ ಸಿದ್ಧವಾಗಿದೆ. ಅದನ್ನು ಬರೆಯಲು ತಮ್ಮನ್ನೇ ಕರೆದರೆ ಸಾಕು ಎಂಬುದಷ್ಟೇ ಅವರ ಆಸೆ.

ಕೂಲಿಗೆ ಹೊತ್ತಾದರೂ ಹುಲಿಗೆವ್ವ ಹೋಗಿಲ್ಲ. "ತತ್ತಿ ಮಾಸೇತಿ," ಎಂದು ತಕರಾರು ತೆಗೆಯುತ್ತಾಳೆ. "ಈರುಳ್ಳಿ ಕಂಡಂಗ ಕಾಣತೈತಿ. ನಾಳಿ ಈರುಳ್ಳಿ ಕೊಟ್ಟಾರು."

ದಾವಲಸಾಬರು ಸಣ್ಣ ಕುಂಚ ಹುಡುಕಿ, ಮೊಟ್ಟೆಯ ಸುತ್ತ ಕರಿಯ ಗೆರೆಯನ್ನು ಒಂದೇ ಉಸಿರಿಗೆ ತಿದ್ದುತ್ತಾರೆ.

"ಮತ್ತ ಐದು ವರ್ಷಕ್ಕ ಬರ್ತಿಯಲ್ಲ, ಬೆಳ್ಳಗ ಮಾಡಾಕ?"

"ಬರ್ತೀನಬೇ ಯಕ್ಕ, ಕೈ ಆಡಿದ್ರ," ಎನ್ನುತ್ತಾರೆ ಕುಂಚ ಒರೆಸಿಕೊಳ್ಳುತ್ತ. "ತತ್ತಿ ಮ್ಯಾಲ ಮಾತ್ರ ಅಂಟು ಹಾಕೂದಿಲ್ಲ."